ಬೆಲ್ಲಳ ಪರೀಕ್ಷೆಯೂ ನನ್ನ ರೊಟ್ಟಿಯ ಬುತ್ತಿಯೂ

ನಮ್ಮ ಬೆಲ್ಲ ಪಾಸಾದಳು! ಮೊದಲು ಇಷ್ಟು ಕೇಳಿಸಿಕೊಂಡುಬಿಡಿ, ಉಳಿದದ್ದನ್ನು ನಿಧಾನಕ್ಕೆ ಹೇಳುತ್ತೇನೆ. ನಿನ್ನೆಯಿಂದ ಫೋನಿಗೆ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಇವತ್ತು ಬೆಳಿಗ್ಗೆ ಇಲ್ಲಿ ಲಂಡನ್ನಿನಲ್ಲಿ, ನಮ್ಮ ಕೆಂಟನ್ನಿನ ಬಸ್ ಸ್ಟಾಪಿನಲ್ಲಿ ನಿಂತಿದ್ದ ಗುಜರಾತಿ ಅಕ್ಕನಿಗೂ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಆಕೆ ನನ್ನ ಕೈ ಹಿಡಿದು, ಯಾವ ಕಾಲೇಜು ಎಂದು ಕೇಳಿದರು. ಕಾಲೇಜಲ್ಲ, ಬೆಲ್ಲ ನಮ್ಮ ನಾಯಿ ಎಂದೆ. ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟರು. ಬಿಡಲಿ ಪಾಪ, ಅವರಿಗೇನು ಗೊತ್ತು?

ನಾನು ನಾಲ್ಕನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವಳು. ಮಕ್ಕಳು ಮೊಮ್ಮಕ್ಕಳು ಏನೇನೋ ಪಾಸಾಗಿದ್ದಾರೆ, ಅವರು ಪಾಸಾಗಿದ್ದು ಏನು ಎಂದು ನನಗೆ ಇವತ್ತಿಗೂ ಸರಿಯಾಗಿ ತಿಳಿಯದು. ಆದರೆ ಈ ಪರೀಕ್ಷೆಯನ್ನು ಮಾತ್ರ ಕಣ್ಣಾರೆ ಕಂಡೆ. ಕಂಡದ್ದಷ್ಟೇ ಅಲ್ಲ, ಕೆಡಿಸಲಿಕ್ಕೂ ಹೋಗಿದ್ದೆ.

ಬೆಲ್ಲ ಲ್ಯಾಬ್ರಡಾರ್ ಜಾತಿಯವಳು, ಹೊಸ ಬೆಲ್ಲದಚ್ಚಿನ ಬಣ್ಣ. ಮೊದಲು ಸಾಕಿದವನು ಬೇಟೆಯ ಕೆಲಸಕ್ಕೆಂದು ತಂದು, ಬಂದೂಕಿನ ಸದ್ದಿಗೆ ನಡುಗುತ್ತಾಳೆ, ಉಪಯೋಗಕ್ಕೆ ಬಾರಳು ಎಂದು ಬಿಟ್ಟುಕೊಟ್ಟ. ಅದೇ ಹೊತ್ತಿಗೆ ನನ್ನ ಮಗನ ಮಗಳು ಮೇಘಾ ಕಾಲೇಜು ಅರ್ಧಕ್ಕೆ ಬಿಟ್ಟು ಬಂದಿದ್ದಳು. ಹೌನ್ಸ್ಲೋದಲ್ಲಿ ನನ್ನ ಮಗಳ ಮಗ ಒಬ್ಬನಿದ್ದಾನೆ, ರೋಹನ್. ಎಲ್ಲದರಲ್ಲೂ ಮೊದಲು ಬರುವ ಹುಡುಗ. ಹಬ್ಬಕ್ಕೆ ಬಂದ ನೆಂಟರೆಲ್ಲ ಅವನ ಪಕ್ಕದಲ್ಲಿ ಇವಳನ್ನು ನಿಲ್ಲಿಸಿ, ಹೊಲದ ಜೋಡಿ ಎತ್ತು ನೋಡಿದಂತೆ ನೋಡುತ್ತಿದ್ದರು. ಇವಳು ಮಾತು ಕಡಿಮೆ ಮಾಡಿದಳು, ಆಮೇಲೆ ನಿಲ್ಲಿಸಿಯೇಬಿಟ್ಟಳು. ಈಗ ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ ಕೆಲಸ. ಒಂದು ದಿನ ಹಗ್ಗ ಹಿಡಿದು ಈ ನಾಯಿಯನ್ನು ಕರೆತಂದಳು. ನಾಯಿಯೂ ನಡುಗುತ್ತಿತ್ತು, ಹುಡುಗಿಯೂ. ಇಬ್ಬರಿಗೂ ನಾನು ಒಂದೇ ಪಾತ್ರೆಯಲ್ಲಿ ಹಾಲು ಕಾಯಿಸಿದೆ.

ಇಬ್ಬರೂ ಸೇರಿ ಕಲಿತರು. ಆದರೂ ಬೆಲ್ಲ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಮೊನ್ನೆ ಮೇಘಾ ನನ್ನ ಮಂಚದ ತುದಿಗೆ ಕೂತು, "ಆಯಿ, ಈ ಸಲಾನೂ ಆಗ್ಲಿಲ್ಲಂದ್ರ ಐ ವಿಲ್ ಸ್ಟಾಪ್. ನಮ್ಮಿಬ್ಬರ ಹಣೇಬರಹಾನs ಇಷ್ಟು" ಎಂದಳು. ನನ್ನನ್ನು ಆಯಿ ಎಂದೇ ಕರೆಯುತ್ತಾಳೆ. ಆ "ನಮ್ಮಿಬ್ಬರ" ಎಂಬ ಮಾತು ನನ್ನ ಎದೆಗೆ ಚುಚ್ಚಿತು. ನಾಯಿಯ ಪರೀಕ್ಷೆ ಬರೀ ನಾಯಿಯದಲ್ಲ ಎಂದು ಆಗಲೇ ತಿಳಿಯಿತು. ನಾನೂ ಬರುತ್ತೇನೆ ಎಂದು ಹಟ ಹಿಡಿದೆ.

ನನ್ನ ಸೊಸೆ ಮೈಸೂರಿನವಳು, ಮುಂದಿನದು ಮೊದಲೇ ಕಾಣುವವಳು. ನಾನು ಬುತ್ತಿ ಕಟ್ಟುವುದನ್ನು ನೋಡಿ, "ಅತ್ತೆ, ಅಲ್ಲಿ ಮಾತ್ರ ಡಬ್ಬಿ ತೆಗೀಬೇಡಿ, ಪ್ಲೀಸ್" ಎಂದಳು. ಹೂಂ ಎಂದೆ. ಹೂಂ ಅನ್ನುವುದಕ್ಕೆ ಖರ್ಚೇನು?

ಪರೀಕ್ಷೆ ಲಂಡನ್ನಿನ ಅಂಚಿನಲ್ಲಿ, ಹೇರ್‌ಫೀಲ್ಡ್ ಕಡೆಯ ಹುಲ್ಲುಗಾವಲಿನಲ್ಲಿ. ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ನಾಯಿ ಹುಡುಕಿ ತರುವ ಪರೀಕ್ಷೆ, ಆದರೆ ನಿಜವಾದ ಹಕ್ಕಿ ಇರುವುದಿಲ್ಲ. ದಪ್ಪ ಬಟ್ಟೆಯ ಒಂದು ಪುಟ್ಟ ಲೋಡುದಿಂಬನ್ನು ದೂರ ಎಸೆಯುತ್ತಾರೆ, ಢಂ ಎಂದು ಸುಳ್ಳು ಗುಂಡು ಹಾರಿಸುತ್ತಾರೆ. ನಾಯಿ ಕದಲದೆ ಕೂತು, ಎಲ್ಲಿ ಬಿತ್ತೆಂದು ನೋಡಿ, ಹೋಗು ಎಂದಾಗ ಹೋಗಿ, ಹಲ್ಲು ಊರದೆ ಕಚ್ಚಿ ತಂದು ಕೈಗೆ ಕೊಡಬೇಕು. ಹಸಿರು ಕೋಟಿನ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸೊಬ್ಬರು ನೋಡಿ ಅಂಕ ಹಾಕುತ್ತಿದ್ದರು. ಯಾರು ಬೇಗ ಓಡುತ್ತಾರೋ ಅವರೇ ಗೆಲ್ಲುವುದು ಎಂದು ನಾನು ತಿಳಿದಿದ್ದೆ. ಹೋದೊಡನೆ ಆ ಹಸಿರು ಕೋಟಿನವರ ಮುಂದೆ ಡಬ್ಬಿ ಹಿಡಿದು, "ತಗೋರಿ, ಒಂದು ರೊಟ್ಟಿ ತಿನ್ರಿ" ಎಂದು ಕೈಸನ್ನೆ ಮಾಡಿದೆ. ಮನೆಗೆ ಬಂದ ಇನ್‌ಸ್ಪೆಕ್ಟರರಿಗೂ ನಾವು ಮೊದಲು ತಟ್ಟೆಯನ್ನೇ ಇಡುವುದಲ್ಲವೇ? ಆಯಮ್ಮ ನಕ್ಕು, ಎರಡೂ ಕೈ ಕೋಟಿನ ಜೇಬಿಗೆ ಇಳಿಸಿಕೊಂಡು, "ಆಫ್ಟರ್" ಎಂದರು. ಮೇಘಾ ನೆಲ ಬಿರಿಯಲಿ ಎಂಬಂತೆ ನಿಂತಿದ್ದಳು.

ನನ್ನದು ಮಡಚುವ ಕುರ್ಚಿ, ಗಾಳಿ ಬೆನ್ನಿಗೆ. ಹಸಿವಾಯಿತು. ಡಬ್ಬಿಯ ಮುಚ್ಚಳ ತೆಗೆದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ. ಆ ಹೊತ್ತಿಗೆ ಕೆಂಪು ಟೋಪಿಯ ಮುದುಕರೊಬ್ಬರ ನಾಯಿ, ಬ್ರೂನೋ ಎಂಬುದು, ಬಟ್ಟೆ ಕಚ್ಚಿಕೊಂಡು ಎಷ್ಟು ಚಂದ ಬರುತ್ತಿತ್ತು ಅಂತೀರಿ! ನಡುವೆ ಮೂಗೆತ್ತಿತು. ಬಟ್ಟೆ ಬಿಟ್ಟಿತು. ನೇರ ಬಂದು ನನ್ನೆದುರು ಕೂತಿತು. ಉಣ್ಣುವಾಗ ಎದುರು ಬಂದು ಕೂತವರನ್ನು ಹಾಗೇ ಕಳಿಸುವ ಮನೆತನ ನಮ್ಮದಲ್ಲ. ಖಾರ ತಾಗದ ಅಂಚಿನ ತುಂಡು ಮುರಿದು ಕೊಟ್ಟೆ.

ಎಲ್ಲರೂ ನಕ್ಕರು, ಆ ಮುದುಕರು ಮಾತ್ರ ನಗಲಿಲ್ಲ. ಟೋಪಿ ತೆಗೆದು ಸುಮ್ಮನೆ ನಾಯಿಯನ್ನು ನೋಡಿದರು. ಆಗಲೇ ನಾನು ಡಬ್ಬಿಯ ಮುಚ್ಚಳ ಹಾಕಿದ್ದು.

ಮೇಘಾ ಸುಮ್ಮನಿರಬಹುದಿತ್ತು. ಅಲ್ಲಿ ನಾನು ಯಾರ ಅಜ್ಜಿ ಎಂದು ಎಲ್ಲರಿಗೂ ಏನು ಗೊತ್ತು? ಮುಂದಿನ ಸರದಿಯೇ ಬೆಲ್ಲಳದು. ಆದರೆ ನೆಂಟರ ಮುಂದೆ ತುಟಿ ಬಿಚ್ಚದ ನನ್ನ ಕೂಸು ಎಲ್ಲರ ನಡುವೆ ನಡೆದುಹೋಗಿ, ಕಿವಿ ಕೆಂಪಗೆ ಮಾಡಿಕೊಂಡು ಹೇಳಿತು: "ಶಿ ಈಸ್ ಮೈ ಗ್ರ್ಯಾನ್. ಬ್ರೂನೋದು ಏನೂ ತಪ್ಪಿಲ್ಲ" ಎಂಬ ಅರ್ಥದ ಇಂಗ್ಲಿಷು. ಆಯಮ್ಮ ನನ್ನ ಕುರ್ಚಿಯ ಹತ್ತಿರ ಬಂದು, ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದರು. ಹೊಲ ನೋಡಿದರು, ಡಬ್ಬಿ ನೋಡಿದರು. ಈ ಓಟ ಲೆಕ್ಕಕ್ಕಿಲ್ಲ, ಬ್ರೂನೋ ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಮತ್ತೊಮ್ಮೆ ಓಡಲಿ ಎಂದರು. ನನ್ನನ್ನು ಡಬ್ಬಿ ಸಮೇತ ಗಾಳಿಯ ಆಚೆ ಬದಿಗೆ ಸಾಗಿಸಿದರು.

"ಅಲ್ಲ ಮೇಘಾ, ಅದು ಗೆದ್ದರ ನಮ್ಮ ಬೆಲ್ಲನ ಗತಿ?" ಎಂದೆ, ಸಣ್ಣ ದನಿಯಲ್ಲಿ.

"ಇದು ರೇಸ್ ಅಲ್ಲ, ಆಯಿ. ಎಷ್ಟು ನಾಯಿ ಚಲೋ ಮಾಡ್ತಾವೋ ಅಷ್ಟೂ ಪಾಸ್. ಉಳಿದವಕ್ಕ ನಿನ್ನ ಬದನೀಕಾಯಿ ವಾಸನಿ ಬಂದಿತ್ತೇನ? ಟೆಸ್ಟ್ ಎಲ್ಲಾರಿಗೂ ಸೇಮ್ ಇರಬೇಕಲ್ಲಾ."

ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಿ ನೋಡದ ಪರೀಕ್ಷೆಯೂ ಇದೆಯೇ! ನನಗೆ ನನ್ನನ್ನು ಹೆಣ್ಣು ನೋಡಲು ಬಂದ ದಿನ ನೆನಪಾಯಿತು. ಧಾರವಾಡದ ಹತ್ತಿರದ ನಮ್ಮೂರಲ್ಲಿ, ಪಡಸಾಲೆಯ ತುಂಬ ಗಂಡಿನವರು. ಹಾಡು ಎಂದರು. ನಾನು ಬಾಯಿ ತೆಗೆಯುವುದಕ್ಕೂ ದನದ ಕೊಟ್ಟಿಗೆಯಿಂದ ಕರು ಹಗ್ಗ ಹರಿದುಕೊಂಡು ಒಳಗೆ ನುಗ್ಗುವುದಕ್ಕೂ ಸರಿಹೋಯಿತು. ಚಹಾದ ಬಟ್ಟಲು ಉರುಳಿದವು, ನನ್ನ ಹಾಡು ಅಂಬಾ ಎಂಬುದರಲ್ಲಿ ಮುಳುಗಿತು. ಹುಡುಗಿಯ ದನಿ ಅಷ್ಟಕ್ಕಷ್ಟೆ ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟೇಬಿಟ್ಟರು. ಆಗ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಹುಡುಗ, "ಕರು ಒದರಿದ್ದಕ್ಕ ಆಕಿ ಏನ್ ಮಾಡ್ಯಾಳು? ಇನ್ನೊಮ್ಮೆ ಹಾಡ್ಲಿ" ಎಂದ. ಅವರೇ ನಮ್ಮ ಯಜಮಾನರು. ಈಗ ಇಲ್ಲ. ಇನ್ನೊಮ್ಮೆ ಹಾಡಿದಾಗಲೂ ನಾನು ಕೆಟ್ಟದಾಗಿಯೇ ಹಾಡಿದೆ, ಅದು ಬೇರೆ ಮಾತು. ಆದರೆ ಆ ಕೆಟ್ಟ ಹಾಡು ನನ್ನದೇ ಆಗಿತ್ತು, ಕರುವಿನದಲ್ಲ. ಕೇಳಿಯೂ ಒಪ್ಪಿದರು ನೋಡಿ.

ಅಷ್ಟರಲ್ಲಿ ಬೆಲ್ಲಳ ಸರದಿ ಬಂತು. ಢಂ! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಬೆಲ್ಲಳ ಕಿವಿ ಅದುರಿತು, ಮೈ ಸಣ್ಣಗೆ ನಡುಗಿತು, ಕುಂಡಿ ಮಾತ್ರ ನೆಲ ಬಿಡಲಿಲ್ಲ. ಮೇಘಾ ಹೋಗು ಎಂದಳು. ಬಾಣದಂತೆ ಹೋದಳು, ಬಟ್ಟೆ ಬಿದ್ದ ಜಾಗವನ್ನು ದಾಟಿಯೇ ಹೋದಳು! ಎತ್ತರದ ಹುಲ್ಲಿನಲ್ಲಿ ಕಾಣದಂತಾದಳು. ಬೇರೆ ನಾಯಿಗಳು ಇಷ್ಟು ಹೊತ್ತಿಗೆ ತಂದುಕೊಟ್ಟಿದ್ದವು. ಮೇಘಾಳ ತುಟಿಯಲ್ಲಿ ಸೀಟಿ ಇತ್ತು, ಊದಲಿಲ್ಲ. ಊದs, ಕರೀ ಎಂದು ನನ್ನ ಬಾಯಿಗೇ ಬಂದಿತ್ತು. ಸೆರಗು ಕಚ್ಚಿಕೊಂಡೆ. ಒಂದು ಸಲ ಕೆಡಿಸಿದ್ದು ಸಾಲದೇ?

ಆಮೇಲೆ ಹುಲ್ಲಿನ ಮೇಲೆ ಬಾಲದ ತುದಿ ಕಂಡಿತು. ಮಜ್ಜಿಗೆ ಕಡೆಯುವ ಕಡಗೋಲಿನಂತೆ ತಿರುಗುತ್ತಿತ್ತು. ಬಟ್ಟೆ ಬಾಯಲ್ಲಿ, ಕಣ್ಣು ಮೇಘಾಳ ಮೇಲೆ. ಬಂದು ಎದುರು ಕೂತು, ಆರತಿ ತಟ್ಟೆ ಕೊಟ್ಟಂತೆ ಕೈಗೆ ಕೊಟ್ಟಳು.

ಕೊನೆಗೆ ಪಾಸಾದವರ ಹೆಸರು ಕರೆದರು. ಬ್ರೂನೋ ಇತ್ತು. ಬೆಲ್ಲ ಇದ್ದಳು! ತಡವಾಯಿತಲ್ಲ ಎಂದು ಮೇಘಾ ತಾನೇ ಕೇಳಿದ್ದಕ್ಕೆ, ಆಗ ಗಾಳಿ ತಿರುಗಿತ್ತು, ಕಂಗೆಡದೆ ತನ್ನ ಮೂಗಿನಿಂದಲೇ ಹುಡುಕಿಕೊಂಡಳು, ನಾನು ನೋಡಿದ್ದು ಅದನ್ನೇ ಎಂದರಂತೆ ಆಯಮ್ಮ. ಅಜ್ಜಿಯ ತಪ್ಪಿಗೆ ಮೊಮ್ಮಗಳ ನಾಯಿಯ ಅಂಕ ಮುರಿದಿರಲಿಲ್ಲ. ಆಮೇಲೆ ಜೇಬಿನಿಂದ ಕೈ ತೆಗೆದು, "ನೌ" ಎಂದು ನನ್ನ ಮುಂದೆ ಚಾಚಿದರು. ಎಣ್ಣೆಗಾಯಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದರು. ಕೆಂಪು ಟೋಪಿಯವರೂ ಬಂದು ಒಂದು ರೊಟ್ಟಿ ಇಸಿದುಕೊಂಡರು, ನಾಯಿಗೂ ಅರ್ಧ. ಮೇಘಾ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳೋ ನಕ್ಕಳೋ ತಿಳಿಯಲಿಲ್ಲ, ಕುಪ್ಪಸ ಮಾತ್ರ ತೊಯ್ದಿತ್ತು.

ಸಂಜೆ ಹೌನ್ಸ್ಲೋದವರೆಲ್ಲ ಬಂದರು. ಹೋಳಿಗೆ ಮಾಡಿದೆ, ಸೊಸೆ ರೊಟ್ಟಿ ಬಡಿದಳು. ನನ್ನ ರೊಟ್ಟಿಯ ಪಕ್ಕ ಇಟ್ಟು ನೋಡಿದರೆ ಅವಳದು ಭೂಪಟದಂತೆ ಇರುತ್ತದೆ. ನಿನ್ನೆ ಪಕ್ಕ ಇಡಲಿಲ್ಲ. ಮುರಿದೆ. ಮೆತ್ತಗಿತ್ತು, ಪಲ್ಯವನ್ನು ತಬ್ಬಿಕೊಂಡಿತು. "ಪಾಸ್" ಎಂದೆ. "ಅತ್ತೆ, ಹುಷಾರಾಗಿದ್ದೀರಾ?" ಎಂದು ಹಣೆ ಮುಟ್ಟಿ ನೋಡಿದಳು. ಮಗ ನಕ್ಕು, "ಯವ್ವಾ, ಇಪ್ಪತ್ತೈದು ವರ್ಷದಾಗ ಮೊದಲನೇ ಸಲ!" ಎಂದ. ರೋಹನ್ ಪರೀಕ್ಷೆಯ ಕತೆಯನ್ನು ಮೇಘಾಳಿಂದಲೇ ಮತ್ತೆ ಮತ್ತೆ ಹೇಳಿಸಿದ. ಅವಳು ಕೈ ಬೀಸಿ ಬೀಸಿ, ಬ್ರೂನೋ ಮೂಗೆತ್ತಿದ್ದನ್ನು ಮಾಡಿ ತೋರಿಸಿದಳು. ಅವಳ ದನಿಯಿಂದ ಮನೆ ತುಂಬಿತ್ತು. ನನಗೆ ಹೊಟ್ಟೆ ಅಲ್ಲಿಗೇ ತುಂಬಿತು.

ಬೆಲ್ಲ ನನ್ನ ಕಾಲ ಬಳಿ ಕೂತಿದ್ದಳು. ಕೈಯಲ್ಲಿ ರೊಟ್ಟಿಯ ಚೂರು ಹಿಡಿದು ತೋರಿಸಿದೆ. ಕದಲಲಿಲ್ಲ. "ಆಯಿ, ನಾ ಹೇಳೂತನಕ ಕೊಡಬ್ಯಾಡ. ಆಕಿ ಕಾಯ್ತಾಳ, ನೋಡು" ಎಂದಳು ಮೇಘಾ, ಬಾಯಿ ತುಂಬ ಹೋಳಿಗೆ. ನಿಜ, ಬೆಲ್ಲ ಎಷ್ಟು ಹೊತ್ತಾದರೂ ಕಾಯುವವಳು. ಕಾಯಲಾರದವಳು ನಾನು. ಎಲ್ಲರೂ ನೋಡುತ್ತಿದ್ದಂತೆಯೇ ಕೊಟ್ಟುಬಿಟ್ಟೆ.

"ಆಯಿ, ಫೇಲ್!" ಎಂದು ಇಡೀ ಮನೆ ಕೂಗಿತು.

ಇರಲಿ ಎಂದು ಇನ್ನೊಂದು ಚೂರು ಮುರಿದೆ, ನನ್ನ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿ ನೋಡಲಿ ಎಂದು.