ತಗ್ಗನ್ನು ದಿಬ್ಬವಾಗಿ ತೋರಿಸಿದ ಕ್ಯಾಮೆರಾ

೧೯೯೮ರಲ್ಲಿ ನಾನು ಗಂಗಾವತಿಯಲ್ಲಿ ಕಾಲುವೆ ಕೆಲಸದ ಕಿರಿಯ ಎಂಜಿನಿಯರ್. ಕೊಪ್ಪಳ ಜಿಲ್ಲೆಯಾಗಿ ಆಗಷ್ಟೇ ವರ್ಷ ತುಂಬಿತ್ತು. ಹನುಮಸಾಗರದ ನಮ್ಮ ಕೂಲಿ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಆ ಬಿಗುವು ಮೈಮೇಲಿತ್ತು, ಈಗಲೂ ಪೂರ್ತಿ ಇಳಿದಿಲ್ಲ.

ಮರಳಿ ಎಂಬ ಊರಿನ ಹತ್ತಿರ ಉಪಕಾಲುವೆಯ ದಂಡೆ ಒಡೆದು ಹುಲಿಗೆಮ್ಮ ಎಂಬ ರೈತ ಹೆಂಗಸಿನ ಗದ್ದೆಯಲ್ಲಿ ಆಳು ಮುಳುಗುವಷ್ಟು ತಗ್ಗು ಬಿತ್ತು. "ನಾಟಿಗಿಂತ ಮೊದಲ ಮಣ್ಣು ಬೀಳ್ಲಿ ಸಾಹೇಬ್ರ. ಆಮ್ಯಾಗ ಬಂಗಾರ ಸುರುವಿದ್ರೂ ನನಗ ಬ್ಯಾಡ" ಎಂದಳು. ನಾನು ಕಳಿಸಿದ ಸಾದಾ ಫೋಟೊ ನೋಡಿ ಕೊಪ್ಪಳದ ಮೇಲಧಿಕಾರಿ, "ಹೊಲ ಸಪಾಟ ಐತಲ್ರಿ" ಎಂದರು. ನಿಜ, ಅದರಲ್ಲಿ ಕೆಸರಿನ ಬಣ್ಣವಿತ್ತು, ಆಳವಿರಲಿಲ್ಲ.

ಕಚೇರಿ ಬೀರುವಿನಲ್ಲಿ ಹಳೆಯ ಸ್ಟೀರಿಯೊ ಕ್ಯಾಮೆರಾ ಇತ್ತು. ಎರಡು ಕಣ್ಣುಗಳಷ್ಟು ಅಂತರದಲ್ಲಿ ಎರಡು ಲೆನ್ಸ್. ಒಮ್ಮೆ ಒತ್ತಿದರೆ ಎರಡು ಚಿತ್ರ. ಎಡದ್ದನ್ನು ಎಡಗಣ್ಣಿಗೆ, ಬಲದ್ದನ್ನು ಬಲಗಣ್ಣಿಗೆ ತೋರಿಸುವ ವ್ಯೂವರ್‌ನಲ್ಲಿ ನೋಡಿದರೆ ಆಳ ಕಣ್ಣಿಗೆ ಕಟ್ಟುತ್ತದೆ. ಹೆಚ್ಚುಗಾರಿಕೆ ಅದೊಂದೇ. ಬೆಳಕು, ದೂರ ಎಲ್ಲ ಕೈಯಿಂದಲೇ ಹೊಂದಿಸಬೇಕು. ಮೋಡವಿದ್ದರೆ ಚಿತ್ರ ಮಸುಕು. ಒಂದು ಸಲಕ್ಕೆ ಒಬ್ಬರೇ ನೋಡಬಹುದು, ಫೈಲಿಗೆ ಅಂಟಿಸಲಾಗದು. ಆದರೂ ಅದರಲ್ಲೇ ತಗ್ಗಿನ ಚಿತ್ರ ತೆಗೆದು, ಸ್ಲೈಡ್ ರೀಲು ತೊಳೆಸಲು ಹೈದರಾಬಾದಿಗೆ ಕಳಿಸಿದೆ. ಹತ್ತೊಂಬತ್ತು ದಿನ ಹೋದವು.

ಬಂದ ಚಿತ್ರಗಳನ್ನು ಕತ್ತರಿಸಿ ನಾನೇ ಚೌಕಟ್ಟಿಗೆ ಕೂರಿಸಿದೆ. ಕೊಪ್ಪಳದ ಬಸ್ಸಿಗೆ ಹೊತ್ತಾಗಿತ್ತು, ವ್ಯೂವರ್‌ನಲ್ಲಿ ನೋಡಲಿಲ್ಲ. ಓದಿದವನಿಗೆ ತಪ್ಪೇನಾದೀತು ಎಂಬ ಧೈರ್ಯ. ಹುಲಿಗೆಮ್ಮನೂ ಜೊತೆಗೆ ಬಂದಳು.

ಮೇಲಧಿಕಾರಿ ಸಾಹೇಬರು ವ್ಯೂವರ್‌ನಲ್ಲಿ ನೋಡಿದರು. "ತಗ್ಗು ಎಲ್ಲೈತ್ರಿ? ದಿಬ್ಬ ಐತಿ. ಮಣ್ಣು ಇನ್ನೂ ಹೆಚ್ಚಾಗೇತಿ."

ಹುಲಿಗೆಮ್ಮ ವ್ಯೂವರ್ ಇಸಕೊಂಡು ಇಣುಕಿದಳು. "ಹೊಲ ನಂದ ಐತ್ರಿ. ಬೇವಿನ ಗಿಡಾನೂ ನಂದ. ಆದ್ರ ಅಂಗಿ ಒಳಗಿಂದು ಹೊರಗ ಮಾಡಿ ತೊಟ್ಟಂಗ ಐತಿ."

ಆಗ ಹೊಳೆಯಿತು. ರೀಲಿನಲ್ಲಿ ಚಿತ್ರಗಳು ತಲೆಕೆಳಗಾಗಿರುತ್ತವೆ. ಜೋಡಿಯನ್ನು ಹಾಗೇ ತಿರುಗಿಸಿ ನೆಟ್ಟಗೆ ಮಾಡಿದರೆ ಎಡದ್ದು ಬಲಕ್ಕೆ ಹೋಗುತ್ತದೆ, ತಗ್ಗು ದಿಬ್ಬವಾಗಿ ಕಾಣುತ್ತದೆ. ಬಿಡಿಸಿ ಅದಲುಬದಲು ಮಾಡಬೇಕಿತ್ತು. ಅಲ್ಲೇ ಬ್ಲೇಡಿನಿಂದ ಬಿಡಿಸಿ ಸರಿಮಾಡಿ ಕೊಟ್ಟೆ.

"ಆಗ ದಿಬ್ಬ, ಈಗ ತಗ್ಗು. ನಾಳೆ ಬಾವಿ ತೋರಿಸ್ತೀರಿ. ಯಾವುದು ನಂಬ್ಲಿ?" ಎಂದು ಸಾಹೇಬರು ಫೈಲು ಸರಿಸಿದರು.

ತಪ್ಪು ನನ್ನದೆಂದು ಬರೆದುಕೊಟ್ಟೆ. ಎರಡು ವಾರದ ಮೇಲೆ ಅವರೇ ಮರಳಿಗೆ ಬಂದರು. ಹುಲಿಗೆಮ್ಮ ತಗ್ಗಿಗೆ ಇಳಿದು ಕೈ ಎತ್ತಿದಳು. ದಂಡೆಯಿಂದ ಬಳೆಯಷ್ಟೇ ಕಂಡಿತು. "ಕಾಣ್ತೀನೇನ್ರಿ ಸಾಹೇಬ್ರ?" ಎಂದು ಕೆಳಗಿನಿಂದ ಕೂಗಿದಳು. ಅವರು ನಿಂತಲ್ಲೇ ಸಹಿ ಹಾಕಿದರು.

ಮಣ್ಣು ಬಿದ್ದಾಗ ಸುತ್ತಲಿನ ಗದ್ದೆಗಳಲ್ಲಿ ಪೈರು ಮೊಣಕಾಲೆತ್ತರ ಬಂದಿತ್ತು. "ಮಣ್ಣು ಛಲೋ ಐತ್ರಿ" ಎಂದಳು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ನಿವೃತ್ತಿಯವರೆಗೂ, ಹೊಲದವರಿಗೆ ತೋರಿಸದೆ ಯಾವ ಚಿತ್ರವನ್ನೂ, ಯಾವ ನಕ್ಷೆಯನ್ನೂ ನಾನು ಮೇಲೆ ಕಳಿಸಲಿಲ್ಲ. ಅದು ಎರಡು ನಿಮಿಷದ ಕೆಲಸ. ಅದನ್ನು ಕಲಿಯಲು ಹುಲಿಗೆಮ್ಮನ ಒಂದು ಬೆಳೆ ಹಿಡಿಯಿತು.