ಐವತ್ತೊಂದು ಡಾಲರ್

ಆಕ್ಲೆಂಡಿನ ನ್ಯೂ ಲಿನ್‌ನಲ್ಲಿದ್ದ ನಮ್ಮ ಪುಟ್ಟ ಆಫೀಸಿಗೆ ಅಮೆರಿಕದ ಹಕ್ಕಿಪ್ರಿಯರ ಸಂಘವೊಂದು ವೆಬ್‌ಸೈಟ್ ಮಾಡಲು ಕೊಟ್ಟಿತ್ತು. ಸದಸ್ಯರಿಂದ ಚಂದಾ ಎತ್ತಿ, ಹಕ್ಕಿಗಳ ಪರವಾಗಿರೋ ಸಂಸತ್ ಅಭ್ಯರ್ಥಿಗಳ ಪ್ರಚಾರಕ್ಕೆ ಕಳಿಸುವುದು ಅವರ ಕೆಲಸ. ದೇಣಿಗೆಯ ಬಟನ್‌ಗಳಿಗೆ ನಾನು ಅಭ್ಯಾಸಬಲದಿಂದ 51, 101, 501 ಡಾಲರ್ ಅಂತ ಹಾಕಿಬಿಟ್ಟೆ. ಸಂಘದ ಕಾರ್ಯದರ್ಶಿ ಫೋನ್ ಮಾಡಿದರು.

"ಮೇಲೊಂದು ಡಾಲರ್ ಯಾಕೆ?"

ಸೊನ್ನೆಯಲ್ಲಿ ಮುಗಿದರೆ ಅಶುಭ ಅಂತ ಹೇಗೆ ಹೇಳಲಿ? ನಾನು ತಡವರಿಸುವಷ್ಟರಲ್ಲಿ ಆಕೆಯೇ, "ಓಹೋ, ಇದು ನಮ್ಮ ಸಂಘದ ದುಡ್ಡು ಅಂತ ಗೆದ್ದವರಿಗೆ ಗುರುತು ಸಿಗಲಿ ಅಂತಾನಾ! ಭಾರಿ ತಲೆ ನಿಮ್ಮದು. ನಿಮ್ಮೂರಲ್ಲಿ ಇದಕ್ಕೇನಂತಾರೆ?" ಅಂದರು.

"ಮುಯ್ಯಿ. ಇವತ್ತು ಅವರ ಮನೆ ಮದುವೇಲಿ ನಾವು ಕೊಟ್ಟಿದ್ದನ್ನ, ನಾಳೆ ನಮ್ಮನೆ ಮದುವೇಲಿ ಅವರು ತೀರಿಸಬೇಕು."

ಆಕೆ ದನಿ ತಗ್ಗಿಸಿದರು.

"ಡಾಲರ್ ಇರಲಿ," ಅಂದರು. "ಈ ವಿವರಣೆ ಮಾತ್ರ ವೆಬ್‌ಸೈಟಲ್ಲಿ ಎಲ್ಲೂ ಹಾಕಬೇಡಿ."