ಬಣ್ಣ ಬಳಿದ ಬಯೋಡಾಟಾ

ನನ್ನ ತಂಗಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಕನ್ನಡದಲ್ಲಿ ಎಂ.ಎ. ಮಾಡಿದ್ದಾಳೆ. ನಾನು ಶಿರಹಟ್ಟಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಬ್ಬರೂ ಒಂದೇ ಮನೆಯಲ್ಲಿದ್ದೆವು. ಅವಳ ಓದು, ಬರಹ ಎಲ್ಲ ಲ್ಯಾಪ್‌ಟಾಪಿನಲ್ಲಿ. ತೆರೆಯ ಮೇಲಿನ ಅಕ್ಷರಗಳನ್ನು ಅದು ಓದಿ ಹೇಳುತ್ತದೆ, ಇವಳು ಕೇಳುತ್ತಾಳೆ. ಆದರೆ ಅದು ನಿಜವಾದ ಅಕ್ಷರವಾಗಿರಬೇಕು. ಅಲಂಕಾರವಿಲ್ಲದ ಬರೀ ಅಕ್ಷರದ ಫೈಲು ಕೊಟ್ಟುಬಿಟ್ಟರೆ ಅವಳಿಗೆ ಯಾರ ಹಂಗೂ ಬೇಡ.

ನಮ್ಮ ಜನ ಕೊಡುವುದು ಅಕ್ಷರದ ಫೋಟೊ. ಇಲ್ಲದಿದ್ದರೆ ಹಳೆಯ ಫಾಂಟಿನ ಪಿಡಿಎಫ್. ನೋಡುವವರಿಗೆ ಅದು ಕನ್ನಡ, ಕೇಳುವವಳಿಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಆಸೆಪಟ್ಟು ಕೊಂಡ ಇ-ಪುಸ್ತಕವೊಂದು ಮೊದಲ ಪುಟದಿಂದಲೇ ಹಾಗೆ ಒದರತೊಡಗಿದಾಗ ಅವಳು ಇಯರ್‌ಫೋನು ಕಿತ್ತು ಗೋಡೆಗೆ ಒಗೆದಿದ್ದಳು.

ಗದಗಿನ ಖಾಸಗಿ ಕಾಲೇಜೊಂದು ಕನ್ನಡ ಉಪನ್ಯಾಸಕರನ್ನು ಹುಡುಕುತ್ತಿತ್ತು. ತಂಗಿ ತನ್ನ ಬಯೋಡಾಟಾವನ್ನು ತಾನೇ ಬರೆದು, ಸಾದಾ ಅಕ್ಷರದಲ್ಲಿ ಮೇಲ್ ಮಾಡಿದಳು. ಮಾರನೆಯ ದಿನ ಕಾಲೇಜಿನ ಗುಮಾಸ್ತನ ಫೋನು ಬಂತು. ಅವಳು ಸ್ಪೀಕರ್ ಹಾಕಿದಳು.

"ಮೇಡಂ, ಇದೇನ್ ಬಯೋಡಾಟಾನೋ, ಕಿರಾಣಿ ಚೀಟೀನೋ? ಬಾರ್ಡರ್ ಇಲ್ಲ, ಡಿಸೈನ್ ಇಲ್ಲ."

"ಬೇಕಾದ್ದೆಲ್ಲಾ ಅದ್ರಾಗ ಐತ್ರಿ ಸರ. ಓದಿದ್ರ ಸಾಕು."

"ಕಮಿಟಿ ಮುಂದ ಇಡಾಕ ಚಂದ ಕಾಣಬೇಕ್ರಿ. ಇರ್ಲಿ ಬಿಡ್ರಿ, ನಮ್ಮ ಕಡೆ ಒಂದು ನಮೂನಿ ಐತಿ. ಅದ್ರಾಗ ನಾನ ಹಾಕ್ತೀನಿ."

"ಹಾಕಿದ ಮ್ಯಾಲೆ ನನಗೊಮ್ಮೆ ಕಳಸ್ರಿ."

"ಆತ್ರಿ" ಎಂದ. ಕಳಿಸಲೇ ಇಲ್ಲ.

ಸಂದರ್ಶನದ ದಿನ ನಾನೂ ಜೊತೆಗೆ ಹೋದೆ. ಸೊರಟೂರ ದಾಟುವವರೆಗೂ ಬಸ್ಸಿನಲ್ಲಿ ಅವಳು ಹಳಗನ್ನಡದ ಪದ್ಯಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಒಳಗೂ ನಾನು ಅವಳ ಪಕ್ಕದಲ್ಲೇ ಕುಳಿತೆ. ಕಮಿಟಿಯಲ್ಲಿ ಪ್ರಿನ್ಸಿಪಾಲರ ಜೊತೆ ಆಡಳಿತ ಮಂಡಳಿಯ ಇಬ್ಬರು ಹಿರಿಯರಿದ್ದರು. ಅವರ ಕೈಯಲ್ಲಿ ನೀಲಿ, ಕೇಸರಿ ಬಣ್ಣದ ಮಿರುಗುವ ಹಾಳೆ. ಒಬ್ಬರು ಕನ್ನಡಕ ಸರಿಮಾಡಿಕೊಂಡು ನಕ್ಕರು.

"ಹವ್ಯಾಸ ಚಿತ್ರಕಲೆ ಅಂತ ಐತಲ್ಲವಾ. ಹೆಂಗ ತಗೀತಿ ಚಿತ್ರ?"

ಇನ್ನೊಬ್ಬರು ಹಾಳೆಯತ್ತ ಬಾಗಿದರು. "ಕಾರ್ ಡ್ರೈವಿಂಗೂ ಬರ್ತೈತಂತ್ರೀಪಾ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಹಾಳೆಯನ್ನು ಕಸಿದುಕೊಂಡು ನೋಡಿದೆ. ಮೇಲಿನ ಬಣ್ಣದ ಚೌಕದಲ್ಲಿ ಇವಳ ಹೆಸರು, ಪದವಿ. ಕೆಳಗಿದ್ದುದೆಲ್ಲ ಯಾರದೋ. ಹಿಂದೆ ಅರ್ಜಿ ಹಾಕಿದ್ದ ಯಾರದೋ ಬಯೋಡಾಟಾದ ಮೇಲೆ ಗುಮಾಸ್ತ ಇವಳ ಹೆಸರು ಹಾಕಿ, ಉಳಿದದ್ದನ್ನು ಅಳಿಸದೆ ಬಿಟ್ಟಿದ್ದ. ಡಂಬಳದ ಸುತ್ತಮುತ್ತ ಹೆಣ್ಣುಮಕ್ಕಳ ಬಾಯಿಂದ ಕೇಳಿ ಸಂಗ್ರಹಿಸಿದ ಬೀಸುವ ಪದಗಳ, ಅಂದರೆ ಬೀಸುಕಲ್ಲಿನ ಹಾಡುಗಳ, ಮೇಲೆ ಅವಳು ಬರೆದಿದ್ದ ಪ್ರಬಂಧದ ಸುದ್ದಿಯೇ ಇರಲಿಲ್ಲ.

ನಾನು ಓದಿ ಹೇಳಿದೆ. ತಂಗಿ ಎದ್ದು ನಿಂತಳು. "ಇದು ನಾ ಬರದಿದ್ದಲ್ರಿ. ಮಾಡಿದವರನ್ನ ಕರೀರಿ."

ಗುಮಾಸ್ತ ಬಂದ. ಪ್ರಬಂಧದ ಮಾತು ಎಲ್ಲಿ ಹೋಯಿತೆಂದು ಕೇಳಿದ್ದಕ್ಕೆ, "ಆ ಚೌಕದಾಗ ಹಿಡೀಲಿಲ್ರಿ, ತಗದೆ" ಎಂದ.

"ನನ್ನ ಓದು ಹಿಡೀಲಿಲ್ಲ, ಯಾರದೋ ಡ್ರೈವಿಂಗ್ ಹಿಡೀತೇನ್ರಿ?"

ಪ್ರಿನ್ಸಿಪಾಲರು ಕೈ ಎತ್ತಿದರು. "ಸಣ್ಣ ವಿಷಯಕ್ಕ ಸಿಟ್ಟಾಗಬ್ಯಾಡವಾ, ಕುಂಡ್ರು."

ನನ್ನ ಮೈ ಉರಿದುಹೋಯಿತು. "ಸಣ್ಣ ವಿಷಯ ಹೆಂಗಾಗ್ತದ್ರಿ? ತನಗ ಓದಾಕ ಬರೋಹಂಗ, ನಿಮಗೂ ಓದಾಕ ಬರೋಹಂಗ ಬರದು ಕಳಿಸಿದ್ಲು. ಅದನ್ನ ಕೆಡಿಸಿದವರು ನೀವು, ನಗಾವ್ರೂ ನೀವ!" ನನ್ನ ದನಿ ಹೊರಗಿನ ವರಾಂಡದವರೆಗೂ ಕೇಳಿಸಿರಬೇಕು. ಯಾರೂ ಕ್ಷಮೆ ಕೇಳಲಿಲ್ಲ. ಕನ್ನಡದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ತಿಳಸ್ತೀವಿ" ಎಂದರು.

ಬಸ್ ಸ್ಟ್ಯಾಂಡಿನಲ್ಲಿ ತಂಗಿ ನನ್ನ ಮೇಲೂ ಹರಿಹಾಯ್ದಳು. "ನಡುವ ನೀ ಯಾಕ ಬಾಯಿ ಹಾಕಿದಿ, ಅಕ್ಕಾ? ನನಗ ಬಾಯಿ ಇರ್ಲಿಲ್ಲೇನು?"

ಗದಗಿನವರು ಏನನ್ನೂ ತಿಳಿಸಲಿಲ್ಲ. ಅದೇ ಸಾದಾ ಫೈಲನ್ನು ಅವಳು ಒಂದು ಅಕ್ಷರವನ್ನೂ ಬದಲಿಸದೆ ಮುಂಡರಗಿಯ ಕಾಲೇಜಿಗೆ ಕಳಿಸಿದಳು. ಅಲ್ಲಿನ ಪ್ರಿನ್ಸಿಪಾಲರು ಫೋನು ಮಾಡಿ ಬೀಸುವ ಪದಗಳ ಬಗ್ಗೆಯೇ ಬಹಳ ಹೊತ್ತು ಕೇಳಿದರು. ಕೆಲಸ ಸಿಕ್ಕಿತು. ಈಗ ಅಲ್ಲೇ ಕೋಣೆ ಮಾಡಿಕೊಂಡಿದ್ದಾಳೆ, ರವಿವಾರ ಮನೆಗೆ ಬರುತ್ತಾಳೆ.

ಆದರೆ ನನ್ನ ಸಿಟ್ಟು ಇಳಿದಿಲ್ಲ. ಪಾಠ ಮಾಡಬೇಕಾದ ಪುಸ್ತಕದ ಫೈಲು ಕೊಡಿ ಎಂದು ಪ್ರಕಾಶಕರಿಗೆ ಅವಳು ಬರೆದರೆ, ಮತ್ತೆ ಪುಟಗಳ ಫೋಟೊವನ್ನೇ ಕಳಿಸಿದರು. ಅಚ್ಚಿಗೆ ಹೋಗುವ ಮೊದಲು ಅದು ಅವರ ಕಂಪ್ಯೂಟರಿನಲ್ಲಿ ಅಕ್ಷರವಾಗಿಯೇ ಇತ್ತಲ್ಲ! ಅದನ್ನು ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಹಾಗಾಗಿ ಈಗ ರವಿವಾರ ನಾನು ಪುಟ ನೋಡಿ ಟೈಪು ಮಾಡುತ್ತೇನೆ, ಅವಳು ಪಕ್ಕದಲ್ಲಿ ಕುಳಿತು ಕೇಳಿ ತಪ್ಪು ತಿದ್ದುತ್ತಾಳೆ. ಸಾಲಿಗೊಮ್ಮೆ ನಾನು ಅವರನ್ನು ಶಪಿಸುತ್ತೇನೆ.

"ಬೈಯೂದು ಆಮ್ಯಾಲೆ" ಎನ್ನುತ್ತಾಳೆ ತಂಗಿ. "ಮೊದ್ಲ ಮುಂದಿನ ಪುಟ ತಗೀ."